ಕಟ್ಟಾಗದ ಕಾಲ್

ಮೊಬೈಲ್ ರಿಪೇರಿ ಅಂಗಡಿಯಲ್ಲಿ ನನ್ನ ಮುಂದಿದ್ದವನು ಕೌಂಟರಿನ ಮೇಲೆ ಫೋನ್ ಕುಕ್ಕಿದ. ಅವನ ಬೆರಳ ಗೆಣ್ಣುಗಳಿಗೆ ಬಟ್ಟೆ ಸುತ್ತಿತ್ತು.

“ಬೆಳಿಗ್ಗೆ ಬಾಮೈದನ ಹತ್ರ ವಿಡಿಯೋ ಕಾಲಲ್ಲಿ ಮಾತಾಡ್ತಿದ್ದೆ. ಇದ್ದಕ್ಕಿದ್ದಂಗೆ ಪರದೆ ಕಪ್ಪಾಯ್ತು, ದನಿಯೂ ಹೋಯ್ತು. ಕಾಲ್ ಕಟ್ಟಾಯ್ತು ಅಂತ ಕಪಾಟಿಗೆ ಒರಗಿಸಿಟ್ಟೆ.”

ರಿಪೇರಿಯವನು ಬೇರೆ ಡಿಸ್‌ಪ್ಲೇ ಜೋಡಿಸಿ ನೋಡಿದ.

“ಕಟ್ಟಾಗಿಲ್ಲ ಸಾರ್, ನಲವತ್ತು ನಿಮಿಷ ನಡೆದಿದೆ. ಹೋಗಿರೋದು ಡಿಸ್‌ಪ್ಲೇ, ಸ್ಪೀಕರ್ ಅಷ್ಟೇ. ಕ್ಯಾಮೆರಾ, ಮೈಕ್ ಚೆನ್ನಾಗಿವೆ.”

“ಅಂದ್ರೆ?”

“ನಿಮಗೆ ಅವರು ಕಾಣಲಿಲ್ಲ. ಅವರಿಗೆ ನಿಮ್ಮನೇಲಿ ನಡೆದಿದ್ದೆಲ್ಲ ಕಾಣ್ತಿತ್ತು, ಕೇಳ್ತಿತ್ತು. ಕೈಗೇನಾಯ್ತು ಸಾರ್?”

“ಬಾಗಿಲಿಗೆ ಬಡೀತು.”

“ಬಾಗಿಲಿಗಲ್ಲ ಭಾವ, ಅಕ್ಕನ ಹಲ್ಲಿಗೆ.”

ನನ್ನ ಬೆನ್ನ ಹಿಂದೆ ನಿಂತಿದ್ದವನು ಹಾಗಂದು ಮುಂದೆ ನುಗ್ಗಿದ. ಭಾವನ ಕೊರಳಪಟ್ಟಿ ಹಿಡಿದು ಬೀದಿಗೆ ಎಳೆಯುತ್ತ ಹೇಳಿದ:

“ಎಷ್ಟು ಏಟು ಅಂತ ಎಣಿಸ್ಕೊಂಡೇ ಬಂದಿದೀನಿ.”