ಹಸರ ಬಳಿ ಇಟ್ಕೊಂಡು ಇಂಟರ್ವ್ಯೂಕ ಹೋದದ್ದು

ಅಲ್ಲವ್ವಾ, ಕಾಲುಂಗರ ಯಾಕ ಬಿಚ್ಚಾಕತ್ತೀ? ಡಾಕ್ಟರ್ ಆಗೀದಿ, ಮುಂದ ಕಲ್ಯಾಕ ನಾಳೆ ಇಂಟರ್ವ್ಯೂ ಐತಿ, ಮದುವಿ ಆಗಿದ್ದು ಗೊತ್ತಾದ್ರ 'ಮಕ್ಕಳು ಯಾವಾಗ' ಅಂತ ಕೇಳ್ತಾರಂತ ಅಂಜಿ ಹೌದಿಲ್ಲೋ? ತಡಿ, ಕಟ್ಟಿ ಮ್ಯಾಲ ಕುಂದ್ರು. ನಿಮ್ಮ ಆಯಿ, ನಾನೂ ಹಿಂಗ ಮುಚ್ಚಾಕ ಹೋಗಿ ಸಿಕ್ಕಿಬಿದ್ದೇನಿ. ನಂದು ಮೆಡಿಕಲ್ ಕಾಲೇಜಿನ ಇಂಟರ್ವ್ಯೂ ಇನ್ನ ಎಂಟ ದಿನ ಐತಿ ಅನ್ನೂದ್ರಾಗ, ಮೋರಟಗಿಯಿಂದ ನಿಮ್ಮ ಮುತ್ಯಾನ ಮನಿಯವ್ರು ಬಂದು ನಿಶ್ಚೆ ಮಾಡಿ ಹೋದ್ರು. ಕೈತುಂಬ ಹಸರ ಬಳಿ. ಒಂದ ಡಜನ್, ಅಲ್ಲಲ್ಲ, ಎರಡ ಡಜನ್ ಇರಬೇಕ. ನಮ್ಮ ಗೊಳಸಂಗಿ ಕಡೆ ಹಸರ ಬಳಿ ಅಂದ್ರ ಹುಡುಗಿ ಮದುವಿ ಗಟ್ಟಿ ಆತು ಅಂತ ಡಂಗುರ ಹೊಡದಂಗ. ತೆಗಿತೇನಿ ಅಂದ್ರ ನಮ್ಮವ್ವ ಕಣ್ಣಾಗ ನೀರ ತಂದ್ಲು. ಕಡೀಕ ಉದ್ದ ತೋಳಿನ ಜಂಪರ ಹೊಲಿಸಿ, ಬಳಿ ಮ್ಯಾಲ ಬೆವರ ಒರಸೂ ದಸ್ತಿ ಸುತ್ತಿ ಕಳಿಸಿದ್ಲು. ಬ್ಯಾಸಿಗಿ ನೋಡ, ಬೆವರ ಅಂದ್ರ ಬೆವರ.

ಒಳಗ ಮೂರ ಮಂದಿ ಕುಂತಿದ್ರು. ಹೃದಯದ್ದು ಕೇಳಿದ್ರು, ಹೇಳಿದೆ. ರಕ್ತದ್ದು ಕೇಳಿದ್ರು, ಹೇಳಿದೆ. ಸರ್ಟಿಫಿಕೇಟ್ ಕೊಡಾಕ ಕೈ ಚಾಚಿದೆ ನೋಡ, ದಸ್ತಿ ಜಾರಿ ಬಿತ್ತು, ಬಳಿ ಘಲ್ ಅಂದ್ವು. ನಡುವಿನ ಸಾಹೇಬ್ರು ದಕ್ಷಿಣದ ಕಡಿಯವ್ರು, ಬಳಿ ನೋಡಿ ಕನ್ನಡಕ ಇಳಿಸಿ, 'ಏನಮ್ಮ, ನಿನ್ನ ಕುಟುಂಬ ಯೋಜನೆ ಏನು?' ಅಂದ್ರು. ನಾ ಇದೂ ಪಾಠದ ಪ್ರಶ್ನೆ ಅಂತ ತಿಳದು, ಊರಿಗೆ ಬರ್ತಿದ್ದ ನರ್ಸಬಾಯಿ ಹೇಳಿದ್ದೆಲ್ಲ ಒಪ್ಪಿಸಿಬಿಟ್ಟೆ. ಗುಳಿಗಿ, ಲೂಪು, ಆಪರೇಷನ್ನು. 'ಗಂಡಸ್ರ ಆಪರೇಷನ್ ಭಾಳ ಸರಳ ರೀ ಸಾಹೇಬ್ರ, ನೀವ ಮುಂದ ಬರಬೇಕು' ಅಂತನೂ ಅಂದೆ. ಬಾಜೂಕಿನ ಇಬ್ರು ಬಾಯಿ ಮುಚ್ಕೊಂಡು ನಗಾಕತ್ರು. ಸಾಹೇಬ್ರ ಮಾರಿ ಕೆಂಪಗಾತು. 'ಅದಲ್ಲಮ್ಮ, ನಾಳೆ ಮದುವೆ ಆಗಿ ಮಕ್ಕಳಾದ್ರೆ ಸೀಟು ದಂಡ ಅಲ್ವಾ? ಒಬ್ಬ ಹುಡುಗನಿಗಾದ್ರೂ ಸಿಗ್ತಿತ್ತು' ಅಂದ್ರು.

ಸೀಟ ಹೋತು ಅಂದ್ಕೊಂಡೆ. ಹೋದಮ್ಯಾಲ ಅಂಜೂದ್ಯಾಕ? ತೋಳ ಏರಿಸಿ ಎರಡೂ ಕೈ ಟೇಬಲ್ ಮ್ಯಾಲ ಇಟ್ಟೆ. 'ಮದುವಿ ಆಗ್ತೇನ್ರಿ. ಮಕ್ಕಳನ್ನೂ ಹಡಿತೇನ್ರಿ. ನಮ್ಮೂರಾಗ ಹಡಿಯೋ ಹೆಣ್ಮಕ್ಕಳನ್ನ ನೋಡಾಕ ಒಬ್ಬಾಕಿ ಡಾಕ್ಟರ್ ಇಲ್ರಿ. ಅದಕ್ಕ ಬಂದೇನ್ರಿ' ಅಂದೆ. ಸಾಹೇಬ್ರು ಬಗ್ಗಿ ದಸ್ತಿ ಎತ್ತಿ ಕೊಟ್ಟು, 'ಹೋಗಮ್ಮ' ಅಂದ್ರು. ಬಸ್ಸಿನ್ಯಾಗ ಊರತನಕ ಅತ್ತೆ. ಹದಿನೈದ ದಿನಕ್ಕ ಕಾಗದ ಬಂತು, ಸೀಟ ಸಿಕ್ಕಿತ್ತು. ಎರಡನೇ ವರ್ಷದಾಗ ನಿಮ್ಮಪ್ಪ ಹೊಟ್ಟ್ಯಾಗಿದ್ದ, ಪರೀಕ್ಷಾ ಬರಿಯಾಗ ಹೊಟ್ಟಿ ಬೆಂಚಿಗಿ ತಾಗತಿತ್ತು. ಪಾಸಾದ್ವಿ, ನಾನೂ ಅವನೂ.

ನನ್ನಂಗ ಎಲ್ಲಾ ಬಿಚ್ಚಿ ಹೇಳಬೇಕಂತಿಲ್ಲ ನೀ. ಕೇಳಿದ್ರ 'ಅದು ನಮ್ಮ ಮನಿ ಮಾತ್ರಿ, ಕಲಿಯೂದರ ಬಗ್ಗೆ ಕೇಳ್ರಿ' ಅಂತ ನಗನಗತಾ ಅನ್ನು. ನಾಚಬೇಕಾದವ್ರು ಕೇಳಿದವ್ರು. ಆದ್ರ ಮುಚ್ಚಿಟ್ಕೊಂಡ್ ಹೋಗಬ್ಯಾಡ ನನ್ನವ್ವ, ಅರ್ಧ ಧ್ಯಾನ ಅದರ ಮ್ಯಾಲನ ಇರ್ತೈತಿ, ಉತ್ತರಕ್ಕ ಬರೇ ಅರ್ಧ ಉಳಿತೈತಿ. ತಾ ಕಾಲ ಇತ್ತ, ಉಂಗರ ನಾ ಹಾಕ್ತೇನಿ.