ಬಾಯಿ ಮುಚ್ಚುವ ಅಭ್ಯಾಸ

ದಾರಿಯ ಮೇಲೆ ಮಣ್ಣು ಕುಸಿದಿದೆ, ಬೆಳಿಗ್ಗೆ ಮೇಲೆ ಹೋದರಾಯಿತು ಎಂದು ವ್ಯಾನಿನ ಚಾಲಕ ನಮ್ಮನ್ನೆಲ್ಲ ಬೆಟ್ಟದ ಬುಡದ ತಂಗುಮನೆಯಲ್ಲಿ ಇಳಿಸಿಬಿಟ್ಟ. ಸಂಜೆಯ ಮಳೆ ತಗಡಿನ ಮೇಲೆ ಒಂದೇ ಸಮನೆ ಬಡಿಯುತ್ತಿತ್ತು. ನಾವು ಹೊರಟಿದ್ದ ಮೇಲಿನ ಧ್ಯಾನಮಂದಿರದಲ್ಲಿ ಮಾತಾಡುವಂತಿಲ್ಲ. ಈಗಿನಿಂದಲೇ ರೂಢಿಯಾಗಲಿ ಎಂದು ನಮ್ಮಲ್ಲೊಬ್ಬಳು ತುಟಿಯ ಮೇಲೆ ಬೆರಳಿಟ್ಟು ಸನ್ನೆಯಲ್ಲೇ ಚಹಾ ಕೇಳಿದಳು. ನಾವು ನಕ್ಕೆವು. ತಂಗುಮನೆಯ ಮುದುಕ ನಗಲಿಲ್ಲ. ಒಂದು ಕಾಲದಲ್ಲಿ ಮೇಲಿನ ಮಂದಿರದಲ್ಲಿ ಗಂಟೆ ಹೊಡೆಯುತ್ತಿದ್ದವನು, ಎಲ್ಲರಿಗೂ ಗಂಟೆಯಜ್ಜ.

"ಬಾಯಿಬಿಟ್ಟು ಕೇಳಮ್ಮ," ಎಂದ. "ಆ ಆಟ ಬೇಡ."

ಯಾಕೆ ಎಂದು ಕೇಳಿದ್ದೇ ತಡ, ಕಂಬಳಿ ಎಳೆದುಕೊಂಡು ಒಲೆಯ ಪಕ್ಕ ಕೂತ.

"ಒಬ್ಬಳಿದ್ದಳು, ಹೆಂಗಸರ ಕೂದಲು ಕತ್ತರಿಸೋಳು. ಕೈಯಲ್ಲಿ ಕತ್ತರಿ ಆಡ್ತಿದ್ರೆ ಬಾಯಲ್ಲಿ ಅರಳು ಹುರಿದ ಹಾಗೆ ಮಾತು... ಅದಕ್ಕೇ ಅವಳ ಹೆಸರೇ ಅರಳು ಅಂತ ಆಗಿಹೋಗಿತ್ತು. ಬಂದವರು ಅರ್ಧ ಕೂದಲಿಗೆ ಬಂದ್ರೆ ಅರ್ಧ ಅವಳ ಮಾತಿಗೆ ಬರ್ತಿದ್ರು. ಮನೇಲಿ ಮಾತ್ರ ಅತ್ತೆಗೂ ಆಗದು, ಗಂಡನಿಗೂ ಆಗದು. ಇವಳ ವಾಚಾಳಿತನದಿಂದ ಮರ್ಯಾದೆ ಹೋಯ್ತು ಅಂತ ಗಂಡ ಅಂಗಡಿಗೆ ಬೀಗ ಜಡಿದ. ಅತ್ತುಕರೆದು ಕಾಲಿಗೆ ಬಿದ್ದಾಗ ಏನಂದ ಗೊತ್ತಾ? 'ಬೆಟ್ಟದ ಮಂದಿರಕ್ಕೆ ಹೋಗಿ ಮೂಕಿಯಾಗಿದ್ದು ಬಾ, ಬೀಗದ ಕೈ ಕೊಡ್ತೀನಿ. ಹೋಗೋ ಮುಂಚೆ ಮನೇಲೇ ಅಭ್ಯಾಸ ಮಾಡು. ತಪ್ಪಿ ಒಂದು ಮಾತಾಡಿದ್ಯೋ, ಅಂಗಡಿ ಮರೆತುಬಿಡು.'

"ಅವಳು ಒಪ್ಪಿದಳು! ಬಿಳಿ ಸೀರೆ, ಶಾಲು ಮಡಿಸಿ ಚೀಲಕ್ಕೆ ತುಂಬಿ, ಅಂದಿನಿಂದಲೇ ಬಾಯಿಗೆ ಬೀಗ. ಅವರಿಗೋ ತಮಾಷೆಯೋ ತಮಾಷೆ. ಅತ್ತೆ ಹಿಂದಿನಿಂದ ಬಂದು ಚಿವುಟೋದು, ಗಂಡ ಸುಡೋ ಲೋಟ ಕೈಗಿಡೋದು... ಕಣ್ಣಲ್ಲಿ ನೀರು ತುಂಬಿದ್ರೂ ಹುಡುಗಿ ತುಟಿ ಬಿಚ್ಚಲಿಲ್ಲ. ಇನ್ನೇನು ಹೊರಡಬೇಕು ಅನ್ನೋ ಹೊತ್ತಿಗೆ ಹೊಟ್ಟೆನೋವು ಶುರುವಾಯ್ತು. ಎಂಥ ನೋವು ಅಂತೀರಿ! ಅಪೆಂಡಿಕ್ಸ್ ಅಂತಾರಲ್ಲ, ಒಳಗೆ ಆ ಕರುಳಿನ ಬಾಲ ಒಡೆಯೋ ನೋವು. ಹೊಟ್ಟೆ ಹಿಡ್ಕೊಂಡು ನೆಲದ ಮೇಲೆ ಹೊರಳಿ, ಆಸ್ಪತ್ರೆಗೆ ಕರ್ಕೊಂಡು ಹೋಗಿ ಅಂತ ಕೈ ಮುಗಿದು ಬಾಗಿಲ ಕಡೆ ತೋರಿಸ್ತಾಳೆ. 'ಏನು? ಅರ್ಥ ಆಗ್ಲಿಲ್ಲ, ಬಾಯಿಬಿಟ್ಟು ಹೇಳು,' ಅಂತ ಗಂಡ ನಗ್ತಾನೆ. ಕೊನೆಗೆ ಸೋತು, 'ಹೊ...' ಅಂತ ಬಾಯಿ ತೆರೆದಳು ನೋಡಿ, ಅತ್ತೆ ಅಂಗೈಯಿಂದ ಒತ್ತಿ ಹಿಡಿದಳು. 'ಶ್! ಇಷ್ಟು ದಿನ ಗೆದ್ದು ಈಗ ಸೋಲ್ತೀಯೇನೇ?' ಮಧ್ಯಾಹ್ನದ ಊಟಕ್ಕೆ ತಟ್ಟೆ ಹಾಕಿ ಕರೆದಾಗ, ಅವಳ ಜೀವ ಹೋಗಿತ್ತು.

"ನನಗೆ ಹೇಗೆ ಗೊತ್ತು ಅಂತೀರಾ? ತಾಳಿ. ಜನ ಆಡ್ಕೊಳ್ಳೋಕೆ ಶುರು ಮಾಡಿದ್ರು. ಆ ಬಾಯಿಗಳಿಂದ ತಪ್ಪಿಸ್ಕೊಳ್ಳೋಕೆ ಗಂಡ ಮನಶ್ಶಾಂತಿ ಬೇಕು ಅಂತ ಹೇಳ್ಕೊಂಡು, ಅವಳು ಕಟ್ಟಿಟ್ಟ ಚೀಲವನ್ನೇ ಹೆಗಲಿಗೇರಿಸಿ ಮೇಲೆ ಬಂದ. ನಾನೇ ಚಾಪೆ ಹಾಕಿಕೊಟ್ಟೆ. ಬೆಳಗಿನ ಗಂಟೆ ಹೊಡೆದೆ, ಎಲ್ಲರೂ ಕಣ್ಣು ಮುಚ್ಚಿದ್ರು... ಆ ಮೌನದೊಳಗೆ ಒಂದು ಹೆಣ್ಣುದನಿ ಎದ್ದಿತು. 'ತಲೆ ಸ್ವಲ್ಪ ಬಗ್ಗಿಸಿ ಅಕ್ಕ, ಹಿಂದೆ ಒಂಚೂರು ಕತ್ತರಿಸ್ತೀನಿ...' ಯಾರಪ್ಪಾ ಅಂತ ನೋಡಿದ್ರೆ, ಅವನು! ತುಟಿ ಅವನದು, ದನಿ ಅವಳದು. ಅವಳು ನುಂಗಿಕೊಂಡಿದ್ದ ಮಾತೆಲ್ಲ ಒಡೆದ ಕೊಳಾಯಿ ಹಾಗೆ ಸುರೀತಾ ಇದೆ. ಅವನ ಕಣ್ಣು ಮಾತ್ರ 'ನಿಲ್ಲಿಸಿ, ನಿಲ್ಲಿಸಿ' ಅಂತ ನಮ್ಮನ್ನ ಬೇಡ್ತಾ ಇವೆ. ನೀರು ಕುಡಿಸಿದ್ವಿ, ನೀರಿನ ಜೊತೆಗೇ ಮಾತು ಉಕ್ಕಿತು. ಗಂಟಲು ಹರಿದು ರಕ್ತ ಬಂತು, ಮಾತು ನಿಲ್ಲಲಿಲ್ಲ.

"ತಾಯಿಗೆ ಹೇಳಿಕಳಿಸಿದ್ವಿ. ಏದುಸಿರು ಬಿಡ್ತಾ ಬಂದಳು. ಮಗ ಅವಳ ಮುಖ ನೋಡಿ, ಎಷ್ಟು ಮೃದುವಾಗಿ ಅಂದ ಗೊತ್ತಾ... 'ಈಗ ಮಾತಾಡಬಹುದಾ, ಅತ್ತೆ?'

"ಹೆತ್ತ ತಾಯಿನ ಅತ್ತೆ ಅಂದ! ಆಮೇಲೆ ಒಂದೊಂದೇ ಹೇಳುತ್ತಾ ಹೋದ, ಚಿವುಟಿದ್ದು, ಸುಟ್ಟಿದ್ದು, ಕೈ ಮುಗಿದು ಬಾಗಿಲು ತೋರಿಸಿದ್ರೂ ನಕ್ಕಿದ್ದು, ಎಲ್ಲರೆದುರಿಗೆ. ಮುದುಕಿ 'ಸುಮ್ಮನಿರೋ, ಸುಮ್ಮನಿರೋ' ಅಂತ ಅವನ ಬಾಯಿ ಮುಚ್ಚಿದಳು. ಮೂಗು ಬಾಯಿ ಎರಡೂ ಸೇರಿಸಿ ಮೈಭಾರವೆಲ್ಲ ಹಾಕಿ ಅದುಮಿದಳು. ನಾಲ್ಕು ಜನ ಎಳೆದ್ರೂ ಕೈ ಬಿಡಲಿಲ್ಲ. ಬಿಡಿಸೋ ಹೊತ್ತಿಗೆ ಅವನ ಉಸಿರು ನಿಂತಿತ್ತು.

"ಮಾತು ನಿಂತಿರಲಿಲ್ಲ. ಧ್ಯಾನಕ್ಕೆ ಬಂದು ಪಕ್ಕದ ಚಾಪೆಯಲ್ಲಿ ಕೂತಿದ್ದ ಒಬ್ಬ ದರ್ಜಿಯ ಬಾಯಿಂದ ಬರ್ತಾ ಇತ್ತು."

ಒಲೆಯ ಕೆಂಡ ಕೆದಕಿ, ಅಜ್ಜ ನಮ್ಮ ಚೀಲಗಳ ಕಡೆ ನೋಡಿದ.

"ನಾಳೆ ಮೇಲೆ ಹೋದಾಗ ನೋಡಿ. ಅಲ್ಲೇ ಉಳಿದಿರೋ ಹಳಬರು ಬಾಯಿಗೆ ಬಟ್ಟೆ ಬಿಗಿದು ಕಟ್ಕೊಂಡು ಕೂತಿರ್ತಾರೆ. ಕೇಳಿದ್ರೆ ಚಳಿಗೆ ಅಂತ ಬರೆದು ತೋರಿಸ್ತಾರೆ. ಹೌದೌದು ಅನ್ನಿ... ಹೊಸಬರಿಗೆ ಮಾತ್ರ ಬಟ್ಟೆ ಕೊಡೋದಿಲ್ಲ. ಅವಳಿಗೂ ಒಂದು ಬಾಯಿ ಬೇಕಲ್ಲ."