ಅಜ್ಜಿ ಕಟ್ಟಿದ ಗಂಟು

ಮಸ್ಕತ್ ವಿಮಾನ ನಿಲ್ದಾಣದಲ್ಲಿ ಲಗೇಜು ತೂಗಿಸಲು ಸಾಲಿನಲ್ಲಿ ನಿಂತಿದ್ದ ಸಂಕಪ್ಪನ ಕಿವಿ, ಮುಂದಿದ್ದ ತಾಯಿ ಮಗಳ ಊರ ಕನ್ನಡಕ್ಕೆ ನೆಟ್ಟಗಾಯಿತು.

"ಅಮ್ಮಾ, ನೈರೋಬಿಯಲ್ಲಿ ಪ್ಲಾಸ್ಟಿಕ್ ತೊಟ್ಟೆ ಬ್ಯಾನ್. ಏರ್‌ಪೋರ್ಟಲ್ಲೇ ತೆಗೆದಿಡ್ತಾರಂತೆ. ಈ ತೊಟ್ಟೆಯ ಸಾಂಬಾರು ಪುಡಿ ಡಬ್ಬಿಗೆ ಹಾಕುವ."

"ಇಲ್ಲಿಯೂ ಈಗ ಅಂಗಡಿಯಲ್ಲಿ ತೊಟ್ಟೆ ಕೊಡುವುದಿಲ್ಲ. ಒಳ್ಳೆಯದೇ ಮಾರಾಯ್ತಿ."

"ಹಾಗಾದ್ರೆ ಬಿಚ್ಚು."

"ಇದು ಅಜ್ಜಿ ಕಟ್ಟಿದ ಗಂಟು. ಹಲ್ಲಲ್ಲಿ ಕಚ್ಚಿ ಎಳೆದು ಕಟ್ಟಿದ್ದು."

"ಅಜ್ಜಿ ಹೋಗಿ ಐದು ತಿಂಗಳಾಯ್ತಲ್ಲ ಅಮ್ಮ."

"ಅದಕ್ಕೇ. ನಿನ್ನ ಮಾವನಿಗೆ ಕೊನೆಗೆ ಅಮ್ಮನ ಮುಖ ನೋಡ್ಲಿಕ್ಕೂ ನೈರೋಬಿಯಿಂದ ಬರ್ಲಿಕ್ಕೆ ಆಗ್ಲಿಲ್ಲ. ಅವ ಕೇಳಿದ್ದು ಒಂದೇ, ಗಂಟು ನಾನೇ ಬಿಚ್ತೇನೆ ಅಕ್ಕಾ, ಹಾಗೇ ತಾ ಅಂತ."

ಮಗಳು ಚೀಲದಿಂದ ಫೋನು ತೆಗೆದಳು.

"ಮಾವನಿಗೆ ವಿಡಿಯೋ ಕಾಲ್ ಮಾಡ್ತೇನೆ. ಅವರು ನೋಡ್ತಾ ಇರ್ಲಿ, ನೀನು ಬಿಚ್ಚು."

"ಉಗುರಿಗೇ ಬರುವುದಿಲ್ಲ. ಎಷ್ಟು ಬಿಗಿ ಕಟ್ಟಿದ್ದಾರೆ ನೋಡು!"

"ಬಾ, ಅಲ್ಲಿ ಕೂತು ಬಿಚ್ಚುವ."

ಇಬ್ಬರೂ ಸಾಲು ಬಿಟ್ಟು ಬೆಂಚಿನತ್ತ ನಡೆದರು. ಸಂಕಪ್ಪನಿಗೆ ಕೊನೆಗೆ ಕೇಳಿಸಿದ್ದು ಫೋನಿನೊಳಗಿನ ಗಂಡಸಿನ ದನಿ.

"ಮೆಲ್ಲ ಅಕ್ಕಾ... ಇನ್ನೂ ಮೆಲ್ಲ."